ಪ್ರತಿಕ್ರಿಯೆ: ಅನ್ನ ಬಿಡಿಸಬೇಡಿ, ಟಿವಿ ಆಫ್ ಮಾಡಿ

ಮಗನಿಗೆ 9 ವರ್ಷ, 46 ಕೆಜಿ, ತೂಕ ಇಳಿಸೋಕೆ ರಾತ್ರಿ ಅನ್ನ ಪೂರ್ತಿ ಬಿಡಿಸಲಾ ಅಂತ ಮಂಡ್ಯದಿಂದ ಕೇಳಿದ್ದೀರಿ. ಬೇಡ. ನಮ್ಮ ಮಗಳಿಗೆ ನಾನೂ ಹಾಗೇ ಮಾಡಿದ್ದೆ. ವಾರದೊಳಗೆ ದಿಂಬಿನ ಕೆಳಗೆ ಬಿಸ್ಕತ್ ಕವರ್ ಸಿಕ್ಕಿತು. ಬೈಯೋಕೆ ಬಾಯಿ ಬರಲಿಲ್ಲ.

ಆಮೇಲೆ ಮೈಸೂರಿನಲ್ಲಿ ನಮ್ಮ ಮಕ್ಕಳ ಡಾಕ್ಟರ್ ಹೇಳಿದರು: ಸದ್ಯಕ್ಕೆ ತೂಕ ಏರದಂತೆ ನೋಡಿಕೊಳ್ಳಿ ಸಾಕು, ಎತ್ತರ ಬೆಳೆದಂತೆ ಬಿಎಂಐ (ಎತ್ತರಕ್ಕೆ ತೂಕ ಎಷ್ಟಿದೆ ಅನ್ನೋ ಲೆಕ್ಕ) ತಾನೇ ಇಳಿಯುತ್ತದೆ. ಒಂದು ಸಲಕ್ಕೆ ಒಂದೇ ಅಭ್ಯಾಸ ಬದಲಾಯಿಸಿ, ಅದೂ ಮನೆಯವರೆಲ್ಲ ಸೇರಿ. ಮೊದಲು ಪ್ಯಾಕೆಟ್ ಜ್ಯೂಸ್ ನಿಲ್ಲಿಸಿದೆವು. (ಸಕ್ಕರೆ ನಾಡಿನವರಿಗೆ ಕಬ್ಬಿನ ಹಾಲು ಬಿಡಿ ಅನ್ನೋದು ಕಷ್ಟ, ಯಾವಾಗಲೋ ಒಮ್ಮೆ ಇರಲಿ.) ಆಮೇಲೆ ಊಟದ ಹೊತ್ತಿಗೆ ಟಿವಿ ಆಫ್. ಇದಕ್ಕೆ ಜಾಸ್ತಿ ಗಲಾಟೆ ಮಾಡಿದ್ದು ಮಗಳಲ್ಲ, ನಮ್ಮ ಯಜಮಾನರು! ಟಿವಿ ಮುಂದೆ ಮಗಳಿಗೆ ಎರಡನೇ ಮುದ್ದೆ ಹೋಗಿದ್ದೇ ಗೊತ್ತಾಗುತ್ತಿರಲಿಲ್ಲ. ಈಗ ಒಂದು ಮುದ್ದೆ, ಬಸ್ಸಾರಿನ ಪಲ್ಯ ಜಾಸ್ತಿ. ಇನ್ನೂ ಬೇಕಂದರೆ ಹತ್ತು ನಿಮಿಷ ಬಿಟ್ಟು ಬಡಿಸುತ್ತೇನೆ. ಎಷ್ಟೋ ಸಲ ಅಷ್ಟರಲ್ಲಿ ಮರೆತು ಎದ್ದಿರುತ್ತಾಳೆ.

ಆಟ ದಿನಕ್ಕೆ 60 ನಿಮಿಷ, ನಿದ್ದೆ 9 ಗಂಟೆಯಾದರೂ ಬೇಕು. ನಾವು ಕುಕ್ಕರಹಳ್ಳಿ ಕೆರೆ ಸುತ್ತುತ್ತೇವೆ.

ನಿಮ್ಮ ಮಗನ ಕತ್ತಿನ ಹಿಂದೆ ಚರ್ಮ ಕಪ್ಪಾಗಿ ದಪ್ಪ ಆಗಿದೆಯಾ ನೋಡಿ. ಕೊಳೆ ಅಂತ ಸುಮ್ನೆ ಉಜ್ಜಬೇಡಿ, ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಿರುವ ಗುರುತು ಇರಬಹುದು. ರಾತ್ರಿ ಗೊರಕೆ ಇದ್ದರೂ ಡಾಕ್ಟರಿಗೆ ಹೇಳಿ, ಬಿಪಿ, ಶುಗರ್ ನೋಡಲಿ. ಮತ್ತೆ, ನೆಂಟರ ಮುಂದೆ ಅವನನ್ನು 'ಗುಂಡ' ಅಂತ ಕರೆಯುತ್ತೀರಿ ಅಲ್ವಾ, ಅದನ್ನು ಇವತ್ತೇ ಬಿಡಿ.