ಪ್ರಶ್ನೋತ್ತರ: ಮೇಜಿನ ಮೇಲಿಟ್ಟ ಜಿಪಿಎಸ್ ನಡೆದಾಡುವುದೇಕೆ?

ಪ್ರಶ್ನೆ: ನನ್ನ ಕೈಹಿಡಿ ಜಿಪಿಎಸ್ ಉಪಕರಣವನ್ನು ಕಿಟಕಿಯ ಪಕ್ಕದ ಮೇಜಿನ ಮೇಲಿಟ್ಟು ಮರೆತಿದ್ದೆ. ಎರಡು ಗಂಟೆಯ ನಂತರ ನೋಡಿದರೆ ಅದು ಒಂದು ಕಿಲೋಮೀಟರಿಗೂ ಹೆಚ್ಚು ದೂರ ಸಂಚರಿಸಿದಂತೆ ತೋರಿಸುತ್ತಿತ್ತು. ಉಪಕರಣ ಕೆಟ್ಟಿದೆಯೇ? ಹಾಗಿದ್ದರೆ ದಿನವೂ ಅದು ಹೇಳುವ ನಡಿಗೆಯ ದೂರವನ್ನು ನಂಬುವುದು ಹೇಗೆ?

ಉತ್ತರ: ಉಪಕರಣ ಕೆಟ್ಟಿಲ್ಲ, ನೀವು ಅದನ್ನು ಇಟ್ಟ ಜಾಗ ಅದರ ಕೆಲಸಕ್ಕೆ ತಕ್ಕದ್ದಾಗಿರಲಿಲ್ಲ. ಈ ಉಪಕರಣ ನಿಜವಾಗಿ ಅಳೆಯುವುದು ಸಮಯವನ್ನು. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹ ನೆತ್ತಿಯ ಮೇಲೆಯೇ ಇದ್ದರೂ, ಅದರ ಸಂಕೇತ ಬೆಳಕಿನ ವೇಗದಲ್ಲಿ ನಮ್ಮನ್ನು ಮುಟ್ಟಲು ಸುಮಾರು 0.067 ಸೆಕೆಂಡು ಹಿಡಿಯುತ್ತದೆ. ಈ ಅವಧಿಯನ್ನು ಎಣಿಸುವಾಗ ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಪಾಲು ತಪ್ಪಿದರೂ ದೂರದ ಲೆಕ್ಕದಲ್ಲಿ 300 ಮೀಟರ್ ಏರುಪೇರಾಗುತ್ತದೆ. ಉಪಗ್ರಹದಲ್ಲಿರುವುದು ಪರಮಾಣು ಗಡಿಯಾರ, ನಿಮ್ಮ ಕೈಯಲ್ಲಿರುವುದು ಸಾಧಾರಣ ಕ್ವಾರ್ಟ್ಸ್ ಗಡಿಯಾರ; ಆದ್ದರಿಂದಲೇ ಸ್ಥಾನ ಹೇಳಲು ಮೂರು ಉಪಗ್ರಹಗಳು ಸಾಲದೆ, ಗಡಿಯಾರದ ತಪ್ಪನ್ನು ಕಳೆಯಲು ನಾಲ್ಕನೆಯದೂ ಬೇಕಾಗುತ್ತದೆ.

ಕಿಟಕಿಯ ಬಳಿ ಆಕಾಶದ ಅರ್ಧಕ್ಕಿಂತ ಹೆಚ್ಚು ಭಾಗ ಮರೆಯಾಗಿರುತ್ತದೆ. ಕಾಣುವ ಉಪಗ್ರಹಗಳೆಲ್ಲ ಒಂದೇ ದಿಕ್ಕಿನಲ್ಲಿ ಗುಂಪಾಗಿದ್ದರೆ ಚಿಕ್ಕ ತಪ್ಪೂ ದೊಡ್ಡದಾಗುತ್ತದೆ. ಇದರ ಜೊತೆಗೆ ಎದುರಿನ ಗೋಡೆಗೆ ಬಡಿದು ಬರುವ ಸಂಕೇತ ಬಳಸು ದಾರಿಯಲ್ಲಿ ಬಂದು ತಡವಾಗಿ ತಲುಪುವುದರಿಂದ, ಉಪಗ್ರಹ ಇರುವುದಕ್ಕಿಂತ ದೂರದಲ್ಲಿದೆ ಎಂದು ಉಪಕರಣ ಭಾವಿಸುತ್ತದೆ. ಹೀಗೆ ಅದು ಲೆಕ್ಕ ಹಾಕಿದ ಸ್ಥಾನ ಕ್ಷಣಕ್ಷಣಕ್ಕೂ ಅತ್ತಿತ್ತ ಜರುಗುತ್ತದೆ, ಉಪಕರಣವಾದರೋ ಪ್ರತಿ ಜರುಗುವಿಕೆಯನ್ನೂ ನಡಿಗೆಯೆಂದೇ ಕೂಡಿಸುತ್ತ ಹೋಗುತ್ತದೆ. ನಾನೇ ಒಮ್ಮೆ ಇಡೀ ರಾತ್ರಿ ಉಪಕರಣವನ್ನು ತಾರಸಿಯ ಕಟ್ಟೆಯ ಮೇಲಿಟ್ಟು, ಬೆಳಿಗ್ಗೆ ಅದು ಬರೆದ ಜಾಡನ್ನು ಪರದೆಯ ಮೇಲೆ ಹಿಗ್ಗಿಸಿ ನೋಡಿದ್ದೇನೆ. ಸಿಕ್ಕುಗಟ್ಟಿದ ನೂಲಿನ ಉಂಡೆಯಂತಿದ್ದ ಆ ಗೆರೆಗಳಲ್ಲಿ ಬಹುಪಾಲು ಕೆಲವೇ ಮೀಟರುಗಳ ಒಳಗಿದ್ದವು; ಒಂದು ಎಳೆ ಮಾತ್ರ ನೀರಿನ ತೊಟ್ಟಿಯನ್ನು ದಾಟಿ ಪಕ್ಕದ ಕಟ್ಟಡದವರೆಗೂ ಹೋಗಿ ಹಿಂತಿರುಗಿತ್ತು. ತೊಟ್ಟಿಯ ಮರೆಯೇ ಅದಕ್ಕೆ ಕಾರಣವೆಂದು ನನ್ನ ಅನಿಸಿಕೆ, ಏಕೆಂದರೆ ಉಪಕರಣವನ್ನು ಇನ್ನೊಂದು ಮೂಲೆಗೆ ಸರಿಸಿದ ಮೇಲೆ ಆ ಎಳೆ ಮತ್ತೆ ಕಾಣಲಿಲ್ಲ.

ನಡೆಯುವಾಗಲೂ ಇದೇ ಹೊಯ್ದಾಟ ನಿಮ್ಮ ನೇರ ದಾರಿಯನ್ನು ಅಂಕುಡೊಂಕಾಗಿಸಿ ದೂರವನ್ನು ಹಿಗ್ಗಿಸುತ್ತದೆ. ಸ್ಥಾನವನ್ನು ತೀರ ವಿರಳವಾಗಿ ದಾಖಲಿಸುವಂತೆ ಹೊಂದಿಸಿದರೆ ತಿರುವುಗಳೆಲ್ಲ ಮೊಟಕಾಗಿ ದೂರ ಕುಗ್ಗುತ್ತದೆ. ವೇಗದ ಅಂಕಿಯನ್ನು ಮಾತ್ರ ಸಾಕಷ್ಟು ನಂಬಬಹುದು, ಏಕೆಂದರೆ ಬಹಳಷ್ಟು ಉಪಕರಣಗಳು ಅದನ್ನು ಸ್ಥಾನದಿಂದ ಲೆಕ್ಕ ಹಾಕದೆ, ಸಂಕೇತದ ಆವರ್ತನದಲ್ಲಾಗುವ ಬದಲಾವಣೆಯಿಂದ ಪಡೆಯುತ್ತವೆ. ಹೊರಡುವ ಮುನ್ನ ಬಯಲಿನಲ್ಲಿ ಎರಡು ಮೂರು ನಿಮಿಷ ನಿಂತು ಸ್ಥಾನ ನೆಲೆಗೊಂಡ ಮೇಲೆ ಎಣಿಕೆ ಆರಂಭಿಸಿರಿ, ನಿಂತಾಗ ಎಣಿಕೆಯನ್ನೂ ನಿಲ್ಲಿಸಿರಿ.

ಪ್ರಶ್ನೆ: ಪರದೆಯ ಮೇಲೆ ನಿಖರತೆ 3 ಮೀಟರ್ ಎಂದಿದ್ದಾಗಲೂ ನಕ್ಷೆ ನನ್ನನ್ನು ಪಕ್ಕದ ರಸ್ತೆಯಲ್ಲಿ ತೋರಿಸಿತು. ಇದೆಂಥ ನಿಖರತೆ?

ಉತ್ತರ: ಆ ಅಂಕಿ ಭರವಸೆಯಲ್ಲ, ಉಪಕರಣ ತನ್ನ ಬಗ್ಗೆ ತಾನೇ ಮಾಡಿಕೊಂಡ ಅಂದಾಜು. ಉದಾಹರಣೆಗೆ, ಆಂಡ್ರಾಯ್ಡ್ ಫೋನುಗಳಲ್ಲಿ ಅದರ ಅರ್ಥ, ನೀವು ಆ ಅಳತೆಯ ವೃತ್ತದೊಳಗೆ ಇರುವ ಸಾಧ್ಯತೆ 68 ಪ್ರತಿಶತ ಎಂಬುದಷ್ಟೇ. ಉಳಿದ 32 ಪ್ರತಿಶತ ಸಾಧ್ಯತೆಯಲ್ಲಿ ನೀವು ವೃತ್ತದ ಹೊರಗಿರುತ್ತೀರಿ. ಗೋಡೆಯಿಂದ ಬಡಿದು ಬಂದ ಸಂಕೇತವನ್ನು ನೇರ ಸಂಕೇತವೆಂದು ಉಪಕರಣ ನಂಬಿದ್ದರೆ ಆ ಅಂದಾಜೂ ಹಾದಿ ತಪ್ಪುತ್ತದೆ. ಎತ್ತರದ ಕಟ್ಟಡಗಳ ನಡುವಿನ ಕಿರಿದಾದ ರಸ್ತೆಗಳಲ್ಲಿ ಹೀಗಾಗುವುದು ತೀರ ಸಾಮಾನ್ಯ. ಎರಡು ಆವರ್ತನಗಳ ಸಂಕೇತವನ್ನು ಹಿಡಿಯುವ ಉಪಕರಣಗಳು ಇಂಥ ಕಡೆ ಗಮನಾರ್ಹವಾಗಿ ಉತ್ತಮವಾಗಿ ಕೆಲಸ ಮಾಡುತ್ತವೆ.

ಪ್ರಶ್ನೆ: ಕಡಲ ದಂಡೆಯಲ್ಲಿ ನಿಂತಿದ್ದಾಗ ಉಪಕರಣ ಎತ್ತರವನ್ನು ಮೈನಸ್ 85 ಮೀಟರ್ ಎಂದು ತೋರಿಸಿತು. ನಾನು ನೀರಿನೊಳಗೆ ಮುಳುಗಿರಲಿಲ್ಲ!

ಉತ್ತರ: ಈ ಪ್ರಶ್ನೆಗೆ ತುಸು ನಿಧಾನವಾಗಿ ಉತ್ತರಿಸಬೇಕು, ಏಕೆಂದರೆ ಇಲ್ಲಿ ಅಳತೆ ಬಹುಶಃ ಸರಿಯಾಗಿಯೇ ಇದೆ. ಜಿಪಿಎಸ್ ಎತ್ತರವನ್ನು ಲೆಕ್ಕ ಹಾಕುವುದು ಧ್ರುವಗಳಲ್ಲಿ ಕೊಂಚ ಚಪ್ಪಟೆಯಾದ, ಗಣಿತದ ನುಣುಪಾದ ಒಂದು ಭೂಗೋಳದ ಮೇಲ್ಮೈಯಿಂದ. ನಿಜವಾದ ಸಮುದ್ರ ಮಟ್ಟ ಹಾಗಿಲ್ಲ. ಭೂಮಿಯೊಳಗಿನ ದ್ರವ್ಯರಾಶಿ ಎಲ್ಲೆಡೆ ಸಮನಾಗಿ ಹಂಚಿಕೊಂಡಿಲ್ಲದ ಕಾರಣ ಗುರುತ್ವವೂ ಏರುಪೇರಾಗಿ, ಸಮುದ್ರದ ಮೇಲ್ಮೈಯೇ ಉಬ್ಬುತಗ್ಗಾಗಿದೆ. ನ್ಯೂ ಗಿನಿಯ ಬಳಿ ಅದು ಆ ನುಣುಪು ಗೋಳಕ್ಕಿಂತ ಸುಮಾರು 85 ಮೀಟರ್ ಮೇಲಿದ್ದರೆ, ಶ್ರೀಲಂಕಾದ ದಕ್ಷಿಣಕ್ಕೆ ಹಿಂದೂ ಮಹಾಸಾಗರದಲ್ಲಿ ಸುಮಾರು 106 ಮೀಟರ್ ಕೆಳಗಿದೆ. ಈ ವ್ಯತ್ಯಾಸದ ಕೋಷ್ಟಕ ಅನೇಕ ಉಪಕರಣಗಳಲ್ಲಿ ಅಡಕವಾಗಿರುತ್ತದೆ. ಇಲ್ಲದಿದ್ದಾಗ ನಿಮಗೆ ಕಂಡಂಥ ಅಂಕಿ ಕಾಣುತ್ತದೆ. ಅದಲ್ಲದೆ ಉಪಗ್ರಹಗಳೆಲ್ಲ ನಮ್ಮ ಮೇಲ್ಗಡೆಯೇ ಇದ್ದು, ಕೆಳಗಿನವು ಭೂಮಿಯ ಮರೆಯಲ್ಲಿರುವುದರಿಂದ, ಎತ್ತರದ ತಪ್ಪು ಸಾಮಾನ್ಯವಾಗಿ ಅಡ್ಡಳತೆಯ ತಪ್ಪಿಗಿಂತ ಹೆಚ್ಚು.

ಗ್ರೀನಿಚ್ ವೀಕ್ಷಣಾಲಯಕ್ಕೆ ಹೋದವರು ನೆಲದ ಮೇಲಿನ ಸೊನ್ನೆ ರೇಖಾಂಶದ ಗೆರೆಯ ಮೇಲೆ ನಿಂತು ಜಿಪಿಎಸ್ ನೋಡಿ ಗಲಿಬಿಲಿಗೊಳ್ಳುವುದಕ್ಕೂ ಇಂಥದ್ದೇ ಕಾರಣವಿದೆ. ಉಪಕರಣದ ಸೊನ್ನೆ ಅಲ್ಲಿಂದ ಸುಮಾರು 102 ಮೀಟರ್ ಪೂರ್ವಕ್ಕಿದೆ. ಹಳೆಯ ಗೆರೆಯನ್ನು ನಿರ್ಧರಿಸಿದ ದೂರದರ್ಶಕವನ್ನು ಆ ಸ್ಥಳದ ಗುರುತ್ವದ ದಿಕ್ಕಿಗೆ ಹೊಂದಿಸಿದ್ದರು. ಆ ದಿಕ್ಕು ಭೂಕೇಂದ್ರವನ್ನು ಆಧರಿಸಿದ ಲೆಕ್ಕಕ್ಕಿಂತ ಅತಿ ಸಣ್ಣ ಕೋನದಷ್ಟು ವಾಲಿದೆ. ಗೆರೆಯೂ ಸರಿ, ಉಪಕರಣವೂ ಸರಿ, ಎರಡರ ಆಧಾರ ಬೇರೆ ಬೇರೆ ಎಂಬುದು ನನಗೆ ಇಂದಿಗೂ ಸೋಜಿಗವೆನಿಸುತ್ತದೆ.

ಪ್ರಶ್ನೆ: ಹಳೆಯ ಉಪಕರಣ ಸ್ಥಾನವನ್ನು ಸರಿಯಾಗಿ ಹೇಳಿದರೂ ದಿನಾಂಕವನ್ನು ಸುಮಾರು ಇಪ್ಪತ್ತು ವರ್ಷ ಹಿಂದಕ್ಕೆ ತೋರಿಸುತ್ತದೆ. ಏನು ಮಾಡಲಿ?

ಉತ್ತರ: ಜಿಪಿಎಸ್ ತನ್ನ ವಾರಗಳನ್ನು 1980ರ ಜನವರಿ 6ರಿಂದ ಎಣಿಸುತ್ತದೆ, ಆದರೆ ಮೂಲ ಸಂಕೇತದಲ್ಲಿ ಆ ಎಣಿಕೆಗೆ ಹತ್ತು ಬಿಟ್‌ಗಳಷ್ಟೇ (ಸೊನ್ನೆ ಅಥವಾ ಒಂದು ಎಂಬ ಅಂಕಿಯ ಹತ್ತು ಸ್ಥಾನಗಳಷ್ಟೇ) ಜಾಗವಿರುವುದರಿಂದ 1024 ವಾರಗಳಿಗೊಮ್ಮೆ ಅದು ಸೊನ್ನೆಗೆ ಮರಳುತ್ತದೆ. 1999ರ ಆಗಸ್ಟ್‌ನಲ್ಲಿಯೂ 2019ರ ಏಪ್ರಿಲ್‌ನಲ್ಲಿಯೂ ಹೀಗಾಯಿತು, ಮುಂದಿನದು 2038ರ ನವೆಂಬರ್‌ನಲ್ಲಿ. ಸ್ಥಾನದ ಲೆಕ್ಕಕ್ಕೆ ವಾರದೊಳಗಿನ ಸಮಯವೇ ಮುಖ್ಯವಾದ್ದರಿಂದ ಅದು ಸಾಮಾನ್ಯವಾಗಿ ಕೆಡುವುದಿಲ್ಲ. ತಯಾರಕರು ಹೊಸ ಫರ್ಮ್‌ವೇರ್ (ಉಪಕರಣದೊಳಗೆ ಅಡಕವಾಗಿರುವ ತಂತ್ರಾಂಶ) ಕೊಟ್ಟಿದ್ದರೆ ಹಾಕಿಸಿಕೊಳ್ಳಿರಿ. ಇಲ್ಲದಿದ್ದರೆ ದಾಖಲೆಗಳ ದಿನಾಂಕಕ್ಕೆ 1024 ವಾರಗಳನ್ನು, ಎಂದರೆ 7168 ದಿನಗಳನ್ನು, ಕೂಡಿಸಿ ಬರೆದಿಟ್ಟುಕೊಳ್ಳಿರಿ.