ನೀರು ಉಕ್ಕದೆ ಹಾಲು ಮಾತ್ರ ಉಕ್ಕುವುದೇಕೆ?

ನೀರು ಎಷ್ಟು ಕುದಿದರೂ ಪಾತ್ರೆಯಲ್ಲೇ ಇರುತ್ತದೆ, ಹಾಲು ಮಾತ್ರ ಕಣ್ತಪ್ಪಿದರೆ ಉಕ್ಕಿ ಚೆಲ್ಲುವುದೇಕೆ ಎಂದು ತಾವು ಕೇಳಿದ್ದೀರಿ. ನೀರಿನಲ್ಲಿ ಏಳುವ ಆವಿಯ ಗುಳ್ಳೆಗಳು ಮೇಲೆ ಬಂದೊಡನೆ ಒಡೆದುಹೋಗುತ್ತವೆ. ಹಸುವಿನ ಹಾಲಿನಲ್ಲಿಯೂ ಸುಮಾರು ಶೇ. 87ರಷ್ಟು ನೀರೇ ಇದೆಯಾದರೂ, ಅದರಲ್ಲಿರುವ ಪ್ರೋಟೀನುಗಳು ಪ್ರತಿ ಗುಳ್ಳೆಯ ಸುತ್ತ ಬೇಗನೆ ಒಡೆಯದ ತೆಳು ಪೊರೆಯನ್ನು ಕಟ್ಟುತ್ತವೆ; ಜೊತೆಗೆ ಕೊಬ್ಬು ಮತ್ತು ಪ್ರೋಟೀನು ಸೇರಿ ಮೇಲೆ ಕೆನೆಗಟ್ಟುವುದರಿಂದ ಆವಿಗೆ ಹೊರದಾರಿ ಸಿಗದೆ, ಒಡೆಯದ ಗುಳ್ಳೆಗಳು ಒಂದರ ಮೇಲೊಂದು ಸೇರಿ ನೊರೆಯಾಗಿ, ಆ ಕೆನೆಯನ್ನೇ ಎತ್ತಿಕೊಂಡು ಅಂಚು ದಾಟುತ್ತವೆ. ಗೃಹಪ್ರವೇಶದಂದು ನಾವು ಶುಭವೆಂದು ಉಕ್ಕಿಸುವ ಹಾಲಿನಲ್ಲಿ ನಡೆಯುವುದೂ ಇದೇ. ದಿನನಿತ್ಯದ ಅಡುಗೆಯಲ್ಲಿ ಇದನ್ನು ತಡೆಯಬೇಕಾದರೆ, ಉರಿಯನ್ನು ಸಣ್ಣದು ಮಾಡಿ ಸೌಟಿನಿಂದ ಆಗಾಗ ಕೈಯಾಡಿಸುವುದೇ ಉಳಿದೆಲ್ಲ ಉಪಾಯಗಳಿಗಿಂತ ಮೇಲೆಂದು ನನ್ನ ಅಭಿಪ್ರಾಯ, ಏಕೆಂದರೆ ಅದರಿಂದ ಕೆನೆಗಟ್ಟಲು ಅವಕಾಶವೇ ಸಿಗುವುದಿಲ್ಲ.