ಇಮ್ಯುನಿಟಿ ಕುಗ್ಗುತ್ತೆ ಅಂತ ಮಾತ್ರೆ ನಿಲ್ಲಿಸಿದ ತಾಯಿ

ಸ್ನಾಯುಕ್ಷಯ ಇರುವ ಮಕ್ಕಳ ಅಪ್ಪ-ಅಮ್ಮ ಸ್ಟೀರಾಯ್ಡ್ ಮಾತ್ರೆಯಿಂದ ಇಮ್ಯುನಿಟಿ ಕುಗ್ಗುತ್ತೆ ಅನ್ನುವ ಭಯವನ್ನು ಮತ್ತೆ ಮತ್ತೆ ಹೊತ್ತು ತರುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ.

ಹುಡುಗನಿಗೆ 9 ವರ್ಷ, ಡುಶೆನ್ ಮಸ್ಕ್ಯುಲರ್ ಡಿಸ್ಟ್ರೋಫಿ ಅನ್ನುವ ಸ್ನಾಯುಕ್ಷಯ. ನಡೆಯುತ್ತಾನೆ, ಮೆಟ್ಟಿಲು ಹತ್ತುವುದು ಕಷ್ಟ. ಸ್ಟೀರಾಯ್ಡ್ ಶುರುವಾದ ಮೇಲೆ ಮುಖ ಊದಿದೆ, ತೂಕ ಏರಿದೆ, ಸಣ್ಣದಕ್ಕೂ ರೇಗುತ್ತಾನೆ. ತಾಯಿ ಸಲಹೆಗೆಂದು ನನ್ನ ಬಳಿ ಬಂದದ್ದು ಆ ಸಿಟ್ಟಿನ ಬಗ್ಗೆ ಮಾತಾಡಲು.

ಮಾತಿನ ಮಧ್ಯೆ ಬ್ಯಾಗಿನಿಂದ ಅವನ ಸ್ಟೀರಾಯ್ಡ್ ಮಾತ್ರೆಯ ಪಟ್ಟಿ ತೆಗೆದು ಮೇಜಿನ ಮೇಲಿಟ್ಟರು. ಒಂದು ಗುಳಿಯೂ ಒಡೆದಿರಲಿಲ್ಲ.

"ನಾಲ್ಕು ದಿನದಿಂದ ಕೊಟ್ಟಿಲ್ಲ. ಅವನಿಗಿರೋದೇ ಇಷ್ಟು ಶಕ್ತಿ. ಅದನ್ನೂ ಈ ಮಾತ್ರೆ ಕುಗ್ಗಿಸಿದ್ರೆ ರೋಗದ ಜೊತೆ ಹೋರಾಡೋಕೆ ಏನು ಉಳಿಯುತ್ತೆ?" ಬದಲಿಗೆ ಇಮ್ಯುನಿಟಿ ಹೆಚ್ಚಿಸುತ್ತೆ ಅನ್ನುವ ಪುಡಿ ಕೊಡುತ್ತಿದ್ದರು.

ಅಲ್ಲೇ ಕೂತು ಅವರಿಂದ ವೈದ್ಯರಿಗೆ ಫೋನ್ ಮಾಡಿಸಿದೆ. ಬಹಳ ಕಾಲ ಸ್ಟೀರಾಯ್ಡ್ ತೆಗೆದುಕೊಂಡ ಮೈ ತನ್ನದೇ ಕಾರ್ಟಿಸೋಲ್ ಅನ್ನುವ ಹಾರ್ಮೋನ್ ತಯಾರಿಸುವುದನ್ನು ಕಡಿಮೆ ಮಾಡಿರುತ್ತದೆ. ಥಟ್ಟನೆ ನಿಲ್ಲಿಸಿದರೆ ಜೀವಕ್ಕೇ ಅಪಾಯ. ಅವತ್ತೇ ತಪಾಸಣೆಯಾಯಿತು, ಮಾತ್ರೆ ಮತ್ತೆ ಶುರುವಾಯಿತು. ಸಲಹೆಗಾರರು ಕೇಳಿಸಿಕೊಂಡರೆ ಸಾಕಲ್ವಾ, ಔಷಧದ ವಿಷಯ ಯಾಕೆ ಎಂದು ಸಹೋದ್ಯೋಗಿಯೊಬ್ಬರು ಕೇಳಿದರು. ಸಾಲದು. ಭಯ ಹುಟ್ಟಿದ್ದೇ ಅರ್ಧ ತಿಳುವಳಿಕೆಯಿಂದ. ಉಳಿದರ್ಧ ಹೇಳದೆ ಸುಮ್ನೆ ಸಮಾಧಾನ ಮಾಡುವುದು ನನಗೆ ಒಪ್ಪುವುದಿಲ್ಲ.

ಮುಂದಿನ ಭೇಟಿಯಲ್ಲಿ ನಿಧಾನವಾಗಿ ವಿವರಿಸಿದೆ. ಇದು ಹೊರಗಿನಿಂದ ಬಂದ ಸೋಂಕಲ್ಲ. ಸ್ನಾಯುವಿನ ಎಳೆಗಳ ಹೊರಪದರವನ್ನು ಕಾಯುವ ಡಿಸ್ಟ್ರೋಫಿನ್ ಅನ್ನುವ ಪ್ರೋಟೀನ್ ಅವನ ಮೈಯಲ್ಲಿ ತಯಾರಾಗುತ್ತಿಲ್ಲ. ಅದಕ್ಕೇ ಓಡಾಡಿದರೂ ಎಳೆಗಳು ಹರಿಯುತ್ತವೆ. ಹರಿದ ಕಡೆ ರೋಗನಿರೋಧಕ ಕಣಗಳು ಬರುತ್ತವೆ, ಸತ್ತ ಭಾಗ ತೆಗೆಯುತ್ತವೆ, ಹೊಸ ಎಳೆ ಬೆಳೆಯಲು ನೆರವಾಗುತ್ತವೆ. ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಗಾಯ ಮಾಯುವ ಮೊದಲೇ ಇನ್ನೊಂದು ಗಾಯ. ಬಂದ ಕಣಗಳು ಹೋಗುವುದೇ ಇಲ್ಲ. ಉರಿಯೂತ ಆರುವುದಿಲ್ಲ. ಬರಬರುತ್ತಾ ಸ್ನಾಯುವಿನ ಜಾಗದಲ್ಲಿ ಗಟ್ಟಿ ನಾರು, ಕೊಬ್ಬು ತುಂಬಿಕೊಳ್ಳುತ್ತದೆ.

ಅವರು ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ, "ಹಾಗಾದ್ರೆ ಅವನ ಮೈಯೇ ಅವನಿಗೆ ಶತ್ರುನಾ?" ಅಂದರು.

ಈ ಪ್ರಶ್ನೆ ನನ್ನನ್ನು ಕಲಕಿತು. ಒಂದು ಭಯ ಹೋಗಿ ಅದಕ್ಕಿಂತ ದೊಡ್ಡದು ಬಂದು ಕೂತಿತ್ತು. "ಶತ್ರು ಅಲ್ಲ" ಅಂದೆ. "ಅದು ರಿಪೇರಿ ಮಾಡೋಕೇ ಬಂದಿದೆ. ನಿಲ್ಲಿಸೋದು ಯಾವಾಗ ಅಂತ ಅದಕ್ಕೆ ಗೊತ್ತಾಗ್ತಿಲ್ಲ. ಮಾತ್ರೆ ಅದನ್ನ ಸ್ವಲ್ಪ ತಡೆಯುತ್ತೆ." ಸ್ಟೀರಾಯ್ಡ್ ಮೂಲ ದೋಷವನ್ನು ಸರಿಮಾಡುವುದಿಲ್ಲ ಎಂದೂ ಹೇಳಿದೆ. ನಡಿಗೆ ನಿಲ್ಲುವ ಕಾಲವನ್ನು ಮುಂದೂಡುತ್ತದೆ, ಸರಾಸರಿ 2-3 ವರ್ಷ. ಹುಸಿ ಭರವಸೆ ಕೊಟ್ಟಿದ್ದರೆ ಅವರು ನನ್ನನ್ನು ನಂಬುತ್ತಿರಲಿಲ್ಲ.

ಹಾಗಂತ ಅವರ ಆತಂಕ ಸುಳ್ಳಲ್ಲ. ಸ್ಟೀರಾಯ್ಡ್ ಇರುವಾಗ ಸೋಂಕಿನ ಅಪಾಯ ಜಾಸ್ತಿ, ಮೂಳೆ ಸವೆಯುತ್ತದೆ, ಎತ್ತರ ಕುಂಠಿತವಾಗುತ್ತದೆ. ಸಿಟ್ಟು, ತೂಕ ಎಲ್ಲವನ್ನೂ ಬರೆದುಕೊಂಡು ಹೋಗಿ ವೈದ್ಯರ ಮುಂದಿಡಿ ಎಂದೆ. ಡೋಸ್ ಬದಲಿಸಬಹುದು, ಡೆಫ್ಲಜಕಾರ್ಟ್‌ನಂಥ ಬೇರೆ ಸ್ಟೀರಾಯ್ಡ್ ಕೂಡ ಇದೆ. ಫ್ಲೂ ಲಸಿಕೆ ಹಾಕಿಸಬೇಕು. ಜೀವಂತ ವೈರಸ್ ಇರುವ ಲಸಿಕೆಗೆ ಮೊದಲು ವೈದ್ಯರನ್ನು ಕೇಳಲೇಬೇಕು. ಪುಡಿ ಬಿಡಿ ಅಂದೆ. ಅದರಲ್ಲಿ ಏನಿದೆ ಎಂದು ಅವರಿಗೂ ಗೊತ್ತಿರಲಿಲ್ಲ.

ಅವರು ಈಗಲೂ ಬರುತ್ತಾರೆ. ಡೋಸ್ ಬದಲಾದ ಮೇಲೆ ಸಿಟ್ಟು ಸ್ವಲ್ಪ ಇಳಿದಿದೆ, ತೂಕ ಇಳಿದಿಲ್ಲ. ವಾಂತಿಯಾಗಿ ಮಾತ್ರೆ ಹೊಟ್ಟೆಯಲ್ಲಿ ನಿಲ್ಲದಿದ್ದರೆ ತಡಮಾಡದೆ ಆಸ್ಪತ್ರೆಗೆ ಕರೆತರಬೇಕು, ಮಗು ಸ್ಟೀರಾಯ್ಡ್ ಮೇಲಿದೆ ಎಂದು ಮೊದಲೇ ಹೇಳಬೇಕು ಎಂದು ವೈದ್ಯರು ಬರೆದುಕೊಟ್ಟ ಚೀಟಿ ಅವನ ಶಾಲೆಯ ಬ್ಯಾಗಿನಲ್ಲೂ ಒಂದಿದೆ.